ತಟ್ಟೆಯ ಮೇಲೆ ಕಣ್ಣು

ಗುರುವಾರ ಸಂಜೆ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಹದಿಮೂರು ಹೆಂಗಸರು ಕಣ್ಣು ಮುಚ್ಚಿಕೊಂಡು ಊಟ ಮಾಡುತ್ತಿದ್ದರು. ಹೊಸಬರಿಗೆ ನಗು ಬರುವಂಥ ನೋಟವೇ ಅದು. ಒಬ್ಬಳ ಚಮಚ ಮೂಗಿಗೆ ತಾಗುತ್ತಿತ್ತು, ಇನ್ನೊಬ್ಬಳ ಮೊಟ್ಟೆ ಜಾರಿ ಮಡಿಲಿಗೆ ಬೀಳುತ್ತಿತ್ತು. ಆದರೂ ಹತ್ತು ನಿಮಿಷ ಯಾರೂ ಕಣ್ಣು ಬಿಡುವಂತಿರಲಿಲ್ಲ. ಅದು ಗುಂಪು ನಡೆಸುವ ಟೈಲರಮ್ಮನ ಕಾನೂನು. ಕೊಟ್ಟವನನ್ನು ನೆನೆದು ತಿನ್ನಬೇಕು, ಪಕ್ಕದವಳ ತಟ್ಟೆ ನೋಡಬಾರದು. ಎರಡನೆಯ ಕಾನೂನು ಇನ್ನೂ ಕಟ್ಟುನಿಟ್ಟು. ಈ ಕೋಣೆಯಲ್ಲಿ ಒಬ್ಬರ ಮೈಯ ಬಗ್ಗೆ ಇನ್ನೊಬ್ಬರು ತುಟಿಪಿಟಕ್ಕೆನ್ನಬಾರದು. ದಪ್ಪ, ಸಣ್ಣ, ಇಳಿದುಹೋಗಿದ್ದೀಯ, ಊದಿಕೊಂಡಿದ್ದೀಯ, ಯಾವುದೂ ಇಲ್ಲ.

ಸುಮ್ಮನೆ ಮಾಡಿದ ಕಾನೂನಲ್ಲ. ಟೈಲರಮ್ಮ ಹುಡುಗಿಯಾಗಿದ್ದಾಗ ಮನೆಯವರೆಲ್ಲರ ಕಣ್ಣು ಅವಳ ತಟ್ಟೆಯ ಮೇಲಿರುತ್ತಿತ್ತು. "ಇನ್ನೂ ಬೇಕಾ ನಿಂಗೆ?" ಎಂದು ಅಜ್ಜಿ ಕೇಳುವ ಧಾಟಿಗೇ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮದುವೆಯಾದ ಮೇಲೂ ಬಚ್ಚಲಮನೆಯ ಚಿಲಕ ಹಾಕಿಕೊಂಡು ಬ್ರೆಡ್ಡು ತಿಂದವಳು ಅವಳು. ಊಟ ಪಾಪವೂ ಅಲ್ಲ, ಪುಣ್ಯವೂ ಅಲ್ಲ, ಬರೀ ಊಟ ಎಂದು ಪ್ರಾರ್ಥನೆಯಲ್ಲಿ ಅವಳಿಗೆ ಹೊಳೆಯುವಷ್ಟರಲ್ಲಿ ನಲವತ್ತು ದಾಟಿತ್ತು. ಆಮೇಲೆ ಈ ಗುಂಪು ಕಟ್ಟಿದಳು. ಆರು ವರ್ಷದಲ್ಲಿ ಇಲ್ಲಿ ಎಷ್ಟೋ ಹೆಂಗಸರು ಹೊಟ್ಟೆ ತುಂಬ ಉಣ್ಣುವುದನ್ನು ಕಲಿತರು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಅವಳಿಗೆ ಜಂಬವಿರಲಿಲ್ಲ ಎಂದರೆ ಮಾತ್ರ ಸುಳ್ಳಾಗುತ್ತದೆ. ಹತ್ತೊಂಬತ್ತರ ಮಗಳು ಪ್ರತಿ ವಾರ ಊಟವಾದ ಮೇಲೆ ಎದ್ದು ನಿಂತು, "ಈ ವಾರನೂ ಮೂರು ಹೊತ್ತು ತಿಂದೆ, ಖುಷಿಯಾಗಿ ತಿಂದೆ, ದೇವರು ದೊಡ್ಡವನು" ಎನ್ನುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಆಗ ಟೈಲರಮ್ಮನ ಮುಖ ನೋಡಬೇಕಿತ್ತು.

ಗುಂಪಿನಲ್ಲಿ ಒಬ್ಬಳು ಬಸ್ ಕಂಡಕ್ಟರ್ ಇದ್ದಳು. ಇಪ್ಪತ್ತು ವರ್ಷ ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿದವಳಿಗೆ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡಿರು ಎಂದರೆ ಆಗುವ ಮಾತೇ? ಒಂದು ಗುರುವಾರ ತಟ್ಟೆ ತೊಳೆಯುವಾಗ ಅವಳು ನಲ್ಲಿಯ ಸದ್ದಿನ ಮರೆಯಲ್ಲಿ ಮೆಲ್ಲಗೆ ಹೇಳಿದಳು.

"ಟೈಲರಮ್ಮ, ತಪ್ಪು ತಿಳ್ಕೋಬೇಡಿ. ನಿಮ್ಮ ಮಗಳು ತಿಂತಾ ಇಲ್ಲ. ಎಲ್ಲಾನೂ ಬ್ಯಾಗಲ್ಲಿರೋ ಕವರಿಗೆ ಸುರೀತಾಳೆ. ಮೂರು ವಾರದಿಂದ ನೋಡ್ತಿದೀನಿ. ಕೈ ನೋಡಿ, ಕಡ್ಡಿ ಆಗಿದೆ."

ಟೈಲರಮ್ಮನ ಬಾಯಿಂದ ಬಂದ ಮೊದಲ ಮಾತು ಇದು: "ಅಂದ್ರೆ ನೀವು ಕಣ್ಣು ಬಿಟ್ಟಿದ್ರಾ?"

ಮುಂದಿನ ವಾರ ಎಲ್ಲರೆದುರು ಕಂಡಕ್ಟರಮ್ಮ ಕ್ಷಮೆ ಕೇಳಬೇಕಾಯಿತು. ಎರಡೂ ಕಾನೂನು ಒಟ್ಟಿಗೆ ಮುರಿದವಳಲ್ಲವೇ. ಅವಳು ಎದ್ದು ನಿಂತು, "ಕಣ್ಣು ಬಿಟ್ಟಿದ್ದು ತಪ್ಪಾಯ್ತು. ಕಂಡಿದ್ದು ಮಾತ್ರ ಸುಳ್ಳಲ್ಲ" ಎಂದು ಹೇಳಿ, ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು. ಅವತ್ತೂ ಮಗಳು ಮೂರು ಹೊತ್ತು ತಿಂದ ಮಾತನ್ನು ಹೇಳಿದಳು. ಚಪ್ಪಾಳೆ ಎಂದಿಗಿಂತ ಜೋರಾಗಿ ಬಿತ್ತು.

ಹಾಗಾದರೆ ಟೈಲರಮ್ಮನಿಗೆ ಏನೂ ಗೊತ್ತಿರಲಿಲ್ಲವೇ? ಮೂವತ್ತು ವರ್ಷ ಅಳತೆ ಪಟ್ಟಿ ಹಿಡಿದವಳ ಕಣ್ಣಿಗೆ ಅರ್ಧ ಇಂಚು ಕಮ್ಮಿಯಾದರೂ ಗೊತ್ತಾಗುತ್ತದೆ. ಮಗಳ ಟಾಪನ್ನು ಅವಳೇ ಎರಡು ಸಲ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಹಿಡಿದು ಹೊಲಿದು ಚಿಕ್ಕದು ಮಾಡಿಕೊಟ್ಟಿದ್ದಳು. ಆಮೇಲೆ ಮಗಳು ಕೇಳುವುದನ್ನು ನಿಲ್ಲಿಸಿದಳು, ಸಡಿಲ ಬಟ್ಟೆಗಳನ್ನು ಒಂದರ ಮೇಲೊಂದು ತೊಡತೊಡಗಿದಳು. ಟೈಲರಮ್ಮ ಎಷ್ಟೋ ಸಲ ಬಾಯಿ ತೆರೆದಿದ್ದಳು. ಕೇಳಿದರೆ ನಾನೂ ಅಜ್ಜಿಯ ಥರವೇ ಆಗಿಬಿಡುತ್ತೇನೆ ಎಂಬ ಹೆದರಿಕೆಗೆ ಮುಚ್ಚಿಕೊಂಡಳು. ಅದು ಅರ್ಧ ಮಾತು. ಹೆಂಗಸರಿಗೆಲ್ಲ ಉಣ್ಣಲು ಕಲಿಸಿದವಳ ಮಗಳೇ ಉಪವಾಸ ಬಿದ್ದಿದ್ದಾಳೆಂದರೆ ನಾಳೆ ಆ ಕೋಣೆಯಲ್ಲಿ ಯಾವ ಮುಖ ಹೊತ್ತು ನಿಲ್ಲುವುದು ಎಂಬುದು ಉಳಿದರ್ಧ.

ಐದು ವಾರ ಕಳೆದ ಮೇಲೆ ಮಗಳು ಕೆಲಸಕ್ಕಿದ್ದ ಚಪ್ಪಲಿ ಅಂಗಡಿಯಿಂದ ಫೋನು ಬಂತು. ಮೇಲಿನ ಅಟ್ಟದಿಂದ ಡಬ್ಬ ತೆಗೆಯಲು ಸ್ಟೂಲು ಹತ್ತಿದವಳು ಹಾಗೇ ಕುಸಿದುಬಿದ್ದಿದ್ದಳು. ಆಸ್ಪತ್ರೆಯಲ್ಲಿ ನರ್ಸು ಒಂದು ಟಾಪು ತೆಗೆದಳು, ಅದರೊಳಗಿನ ಇನ್ನೊಂದು ತೆಗೆದಳು, ಮೂರನೆಯದನ್ನು ಕತ್ತರಿಯಿಂದ ಕತ್ತರಿಸಿದಳು. ಟೈಲರಮ್ಮ ಬಾಗಿಲಲ್ಲೇ ನಿಂತಿದ್ದಳು. ಹೆತ್ತ ಮಗಳ ಪಕ್ಕೆಲುಬನ್ನು ದೂರದಿಂದಲೇ ಎಣಿಸಬಹುದಿತ್ತು.

ಡಾಕ್ಟರು ಸುತ್ತಿಬಳಸಿ ಮಾತಾಡುವವಳಲ್ಲ. "ಹೃದಯ ತುಂಬಾ ನಿಧಾನ ಆಗಿದೆ. ಈ ಹತ್ತು ದಿನ ದಾಟಿದ್ರೆ ನೋಡೋಣ. ಸ್ವಲ್ಪ ಸ್ವಲ್ಪಾನೇ ಕೊಡ್ಬೇಕು. ಪ್ರತಿ ಸಲ ಒಬ್ರು ಎದುರಿಗೆ ಕೂತು ನೋಡ್ತಾ ಇರ್ಬೇಕು, ತಿಂದ ಮೇಲೂ ಅರ್ಧ ಗಂಟೆ. ಯಾರು ಕೂರ್ತೀರಿ?"

"ನಾನೇ" ಎಂದಳು ಟೈಲರಮ್ಮ, ಗಂಜಿಯ ಬಟ್ಟಲು ಎತ್ತಿಕೊಳ್ಳುತ್ತಾ.

"ನೀನು ಬೇಡ" ಎಂದಳು ಮಗಳು. ದನಿ ಬಾವಿಯೊಳಗಿಂದ ಬಂದಂತಿತ್ತು.

"ಯಾಕೆ ಪುಟ್ಟಿ?"

"ನೀನಿದ್ರೆ ನಾನು ತಿಂದ ಹಾಗೆ ಮಾಡ್ತೀನಮ್ಮ. ನಂಗದು ಚೆನ್ನಾಗಿ ಬರುತ್ತೆ. ನೀನು ನಂಬ್ತೀಯ." ಸ್ವಲ್ಪ ಉಸಿರು ಎಳೆದುಕೊಂಡು, "ಕಂಡಕ್ಟರಮ್ಮನ್ನ ಕರಿ" ಎಂದಳು.

ಟೈಲರಮ್ಮ ಕಂಡಕ್ಟರಮ್ಮನಿಗೆ ಫೋನು ಮಾಡಿದಳು. ತಪ್ಪಾಯ್ತು ಎನ್ನಲು ಹೊರಟು, ಬರೀ ಮಗಳು, ಆಸ್ಪತ್ರೆ, ಗಂಜಿ ಎಂದಷ್ಟೇ ತೊದಲಿದಳು. ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: "ಯಾವ ವಾರ್ಡು?"

ಕಂಡಕ್ಟರಮ್ಮ ಡ್ಯೂಟಿಯ ಬಟ್ಟೆಯಲ್ಲೇ ಬಂದಳು. ಟೈಲರಮ್ಮನನ್ನು ದಾಟಿ ಒಳಗೆ ಹೋಗಿ, ಕುರ್ಚಿ ಎಳೆದುಕೊಂಡು ಕೂತಳು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಕೂತ ಟೈಲರಮ್ಮ ಪ್ರಾರ್ಥನೆ ಮಾಡಲು ನೋಡಿದಳು. ಕಣ್ಣು ಮುಚ್ಚಿದೊಡನೆ ಆ ಪಕ್ಕೆಲುಬುಗಳೇ ಕಾಣುತ್ತಿದ್ದವು. ಎದುರಿನ ಗೋಡೆಯನ್ನು ದಿಟ್ಟಿಸುತ್ತಾ ಕೂತಳು.

ಒಂದು ಗಂಟೆಯ ಮೇಲೆ ಕಂಡಕ್ಟರಮ್ಮ ಹೊರಗೆ ಬಂದಳು.

"ನಾಲ್ಕು ಚಮಚ ಹೋಯ್ತು. ಅಳ್ತಾ ತಿಂದ್ಲು, ಬೈತಾ ತಿಂದ್ಲು. ನಂಗೂ ಬೈದ್ಲು, ನಿಮಗೂ ಬೈದ್ಲು."

"ನಂಗೇನಂದ್ಲು?"

ಕಂಡಕ್ಟರಮ್ಮನಿಗೆ ಬೆಣ್ಣೆ ಹಚ್ಚಿ ಮಾತಾಡಿ ಅಭ್ಯಾಸವಿಲ್ಲ. "ಅಮ್ಮಂಗೆ ಗೊತ್ತಿತ್ತು ಅಲ್ವಾ ಅಂತ ಕೇಳಿದ್ಲು."

"ನೀವೇನಂದ್ರಿ?"

"ಅದನ್ನ ನಿಮ್ಮಮ್ಮನ್ನೇ ಕೇಳು ಅಂದೆ."

ಗೊತ್ತಿರಲಿಲ್ಲ ಎನ್ನಬಹುದಿತ್ತು. ನಂಬುವವರು ಹತ್ತು ಜನ ಗುರುವಾರದ ಆ ಕೋಣೆಯಲ್ಲಿ ಇದ್ದರು, ಕೈಹಿಡಿದು ಸಮಾಧಾನವನ್ನೂ ಮಾಡುತ್ತಿದ್ದರು. ಟೈಲರಮ್ಮ ಎದ್ದು, ಬಾಗಿಲು ತಳ್ಳಿದಳು. ಮಗಳು ದಿಂಬಿಗೊರಗಿ ಬಾಗಿಲ ಕಡೆಗೇ ನೋಡುತ್ತಿದ್ದಳು.

"ಗೊತ್ತಿತ್ತು" ಎಂದಳು ಟೈಲರಮ್ಮ.

ಮಗಳು ಮುಖ ತಿರುಗಿಸಲಿಲ್ಲ. ಒಳಗೆ ಬಾ ಎಂದೂ ಅನ್ನಲಿಲ್ಲ.