ಕಾಂಡಕೊರಕದ ಪಾಠ

ಗಂಗಾಮಣಿ ಆನೇಮಹಲ್ ಆಚೆಯ ಕಾಫಿ ಎಸ್ಟೇಟ್ ಅಂಚಿನ ಶಾಲೆಗೆ ಟೀಚರಾಗಿ ಬಂದು ಎರಡು ವರ್ಷವಾಗಿತ್ತು. ಒಂದನೇ ಮತ್ತು ಎರಡನೇ ತರಗತಿಯ ಹತ್ತೊಂಬತ್ತು ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಅವರಲ್ಲಿ ಬಿಂದುಶ್ರೀ ಎಂಬ ಆರು ವರ್ಷದ ಹುಡುಗಿಗೆ ಲೋಕವೆಲ್ಲ 'ಅದು'. ಬಳಪ ಬೇಕಾದರೂ ಅದು, ನೀರು ಬೇಕಾದರೂ ಅದು. ಹೊಟ್ಟೆ ನೋವಾದರೆ, "ಇಲ್ಲಿ ಅದು ಆಯ್ತೈತೆ" ಎಂದು ಮುಟ್ಟಿ ತೋರಿಸುತ್ತಿದ್ದಳು.

ಕಥೆ ಓದಿ ಹೇಳಿದರೆ ಮಕ್ಕಳ ಮಾತು ಬೆಳೆಯುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಗಂಗಾಮಣಿ ರಾಜ ರಾಣಿಯರ ಕಥೆ ಓದಿದಳು. ಅರಮನೆ ಎಂದರೇನು ಎಂದು ಕೇಳಿದ್ದಕ್ಕೆ ಎಲ್ಲರೂ ಒಟ್ಟಿಗೆ, "ಸಾವ್ಕಾರ್ರ ಬಂಗ್ಲೆ" ಎಂದು ಕಿಟಕಿಯ ಕಡೆ ತಿರುಗಿದರು.

ತೊಂಬತ್ತೇಳರ ಸೆಪ್ಟೆಂಬರ್‌ನಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನವೀನ್‌ಕುಮಾರ್ ಹಳೆಯ ಕಾಗದಗಳ ಕಟ್ಟೊಂದನ್ನು ತಂದುಕೊಟ್ಟ. ಹಿಂಬದಿ ಖಾಲಿ ಇದೆ, ಮಕ್ಕಳು ಚಿತ್ರ ಬರೆಯಲಿ ಎಂದ. ಅದರ ನಡುವೆ ಕಾಫಿ ಗಿಡದ ಕಾಂಡಕೊರಕ ಹುಳದ ಬಗ್ಗೆ ಬಣ್ಣದ ಪುಟ್ಟ ಪುಸ್ತಕವೊಂದಿತ್ತು. ಗಂಗಾಮಣಿ ಅದನ್ನು ತೆರೆದದ್ದೇ ತಡ, ಮಕ್ಕಳು ಸುತ್ತ ಮುತ್ತಿಕೊಂಡರು. ಅವರ ಅಪ್ಪ ಅಮ್ಮಂದಿರು ದಿನವೂ ಬೈಯುವ ಹುಳ ಅದು. ಓದುತ್ತಾ ಹೋದಂತೆ ತೊಗಟೆ, ಕಾಂಡ, ಸುರಂಗ, ಮರಿಹುಳು ಎಂಬ ಮಾತುಗಳು ಒಂದೊಂದಾಗಿ ಮಕ್ಕಳ ಬಾಯಿಗೆ ಬಂದವು.

"ದೊಡ್ಡದಾದ್ಮೇಲೆ ಏನ್ ತಿಂತೈತೆ?" ಎಂದಳು ಬಿಂದುಶ್ರೀ.

ಅವಳು ಪೂರ್ತಿ ಪ್ರಶ್ನೆ ಕೇಳಿದ್ದು ಅದೇ ಮೊದಲು. ಪುಸ್ತಕದಲ್ಲಿ ಅದರ ಮಾತಿರಲಿಲ್ಲ, ಆದರೆ ಉತ್ತರ ಕೊಡದೆ ಅವಳನ್ನು ಕೂರಿಸಲು ಗಂಗಾಮಣಿಗೆ ಮನಸ್ಸಾಗಲಿಲ್ಲ. "ಎಲೆ ತಿನ್ನುತ್ತೆ" ಎಂದುಬಿಟ್ಟಳು.

ಮಾರನೇ ದಿನ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಬಿಂದುಶ್ರೀಯ ತಾತ ಗಿಡ್ಡಯ್ಯ ನಿಂತಿದ್ದ. ಹುಳ ಹಿಡಿದ ಗಿಡಗಳನ್ನು ಹುಡುಕಿ ಕೀಳಿಸುವುದೇ ಅವನ ಕೆಲಸ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಟೀಚರಮ್ಮ, ನಂದೊಂದ್ ಮಾತೈತೆ. ಆ ಹುಳ ದೊಡ್ಡದಾದ್ರೆ ಎಲೆ ತಿಂತೈತೆ ಅಂತ ನನ್ ಮೊಮ್ಮಗಳು ಅಂತಾಳೆ. ಪುಸ್ತಕದಾಗೈತೆ ಅಂತಾಳೆ. ಮೂವತ್ ವರ್ಸದಿಂದ ಗಿಡ ನೋಡ್ತಿದೀನಿ, ಎಲೆ ತಿಂದಿದ್ದು ಒಂದಿನಾನೂ ಕಂಡಿಲ್ಲ. ನಂಗೆ ಓದಕ್ಕೆ ಬರಲ್ಲ. ಒಸಿ ನೋಡಿ ಹೇಳ್ತೀರಾ?"

ಗಂಗಾಮಣಿ ಪುಟ ತಿರುವಿದಳು. ಅಲ್ಲಿ ಹಾಗೇನೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಇದೆ ಎಂದರೆ ನಂಬುತ್ತಾನೆ, ಅವನಿಗೆ ಓದಲು ಬರುವುದಿಲ್ಲ. ಹಿಂದೆ ಹತ್ತೊಂಬತ್ತು ಮಕ್ಕಳು ಕಿವಿ ನಿಮಿರಿಸಿ ಕೂತಿದ್ದರು.

"ಇಲ್ಲ ಗಿಡ್ಡಯ್ಯನವರೇ, ಪುಸ್ತಕದಲ್ಲಿಲ್ಲ. ಗೊತ್ತಿಲ್ಲದೆ ನಾನೇ ಸೇರಿಸಿ ಹೇಳಿಬಿಟ್ಟೆ." ಮಕ್ಕಳ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಹೇಳಿದಳು.

ಗಿಡ್ಡಯ್ಯ ನಗಲಿಲ್ಲ. "ಹಂಗಾದ್ರೆ ಸರಿ ಬಿಡಿ. ಇಷ್ಟ್ ವರ್ಸ ನಾನೇ ತಪ್ಪು ನೋಡ್ಬುಟ್ನೇನೋ ಅಂತ ಯೋಚ್ನೆ ಹತ್ತಿತ್ತು" ಎಂದು ನಿಟ್ಟುಸಿರುಬಿಟ್ಟ.

ಓದಿದವರ ಮಾತು ಓದದವನ ಕಣ್ಣನ್ನೇ ಸುಳ್ಳು ಮಾಡಿಬಿಡಬಲ್ಲದು ಎಂದು ಗಂಗಾಮಣಿ ಎಂದೂ ಯೋಚಿಸಿರಲಿಲ್ಲ. "ಮಧ್ಯಾಹ್ನ ಊಟದ ಹೊತ್ತಲ್ಲಿ ಬಂದು ನೀವೇ ಹೇಳಿಕೊಡ್ತೀರಾ?" ಎಂದು ಕೇಳಿದಳು.

ಮಧ್ಯಾಹ್ನ ಅವನು ಕಿತ್ತ ಗಿಡದ ಕಾಂಡವನ್ನು ಗೋಣಿಯಲ್ಲಿ ಸುತ್ತಿ ತಂದ. ತೊಗಟೆ ಉಬ್ಬಿದ ಕಡೆ ಮಕ್ಕಳ ಬೆರಳಿಟ್ಟು ಸವರಿಸಿದ. "ಕಣ್ಣಿಗಿಂತ ಬೆರಳಿಗೆ ಬೇಗ ಸಿಕ್ತೈತೆ" ಎಂದ. ಆಮೇಲೆ ಕತ್ತಿಯಿಂದ ಸೀಳಿದ. ಒಳಗೆ ಸುರಂಗ, ಅದರ ತುಂಬ ಒತ್ತಿ ತುಂಬಿದ ಪುಡಿ, ತುದಿಯಲ್ಲಿ ಹಳದಿ ಬಿಳುಪಿನ ಹುಳ. ಗಂಗಾಮಣಿಯೂ ಮೊದಲ ಸಲ ನೋಡುತ್ತಿದ್ದಳು. ಅವನು ಅಂದ ಮಾತನ್ನು ಬೋರ್ಡಿನ ಒಂದು ಕಡೆ, ಪುಸ್ತಕದ ಮಾತನ್ನು ಇನ್ನೊಂದು ಕಡೆ ಬರೆದಳು. ಅವನು 'ದಾರಿ' ಎಂದದ್ದು ಪುಸ್ತಕದಲ್ಲಿ ಸುರಂಗ. ಪುಡಿಗೆ ಅವನು 'ಹೊಟ್ಟು' ಎಂದ, ಪುಸ್ತಕದಲ್ಲಿ ಅದಕ್ಕೆ ಮಾತೇ ಇರಲಿಲ್ಲ.

ಬಿಂದುಶ್ರೀ ಕಾಂಡದ ಮೇಲೆ ಬಗ್ಗಿದಳು. "ತಾತ, ಮರಿಹುಳು ಸುರಂಗ ಕೊರ್ದು ಹೊಟ್ಟು ಹಿಂದಕ್ಕೆ ತುಂಬ್ತಾ ಹೋಗೈತೆ. ಅದುಕ್ಕೇ ತೊಗಟೆ ಉಬ್ಬೈತೆ."

ಗಿಡ್ಡಯ್ಯ ಅವಳ ತಲೆ ಮೇಲೆ ಕೈಯಿಟ್ಟ. "ಊಂ ಕಣವ್ವ, ಹಂಗೇ." ಕಾಂಡವನ್ನು ಮತ್ತೆ ಗೋಣಿಗೆ ಸುತ್ತಿಕೊಂಡು, ಸುಡದಿದ್ದರೆ ಪಕ್ಕದ ಗಿಡಕ್ಕೂ ಹೋಗುತ್ತದೆ ಎಂದು ಹೇಳಿ ಹೊರಟ.

ಆ ಶನಿವಾರ ಗಂಗಾಮಣಿ ಸಕಲೇಶಪುರದ ಕಾಫಿ ಮಂಡಳಿಯ ಆಫೀಸಿಗೆ ಹೋಗಿ ಮೆಣಸು, ಜೇನು, ಎರೆಹುಳುಗಳ ಮೇಲೆ ಇದ್ದಬದ್ದ ಪುಸ್ತಕಗಳನ್ನೆಲ್ಲ ಕೇಳಿ ತಂದಳು. ಬಸ್ಸಿನಲ್ಲಿ ಕೂತು ಜೇನಿನದನ್ನು ತೆರೆದು, ತನಗೆ ಗೊತ್ತಿಲ್ಲದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಹೋದಳು. ಕೂಲಿಯವರ ಲೈನ್ ಮನೆಗಳಲ್ಲಿ ಜೇನು ಬಿಡಿಸುವವರು ಯಾರು ಎಂದು ಸೋಮವಾರ ಮಕ್ಕಳನ್ನೇ ಕೇಳಬೇಕು ಎಂದುಕೊಂಡಳು.