ಹಳದಿ ಬಾರದ ನೀರು

ಮೊದಲ ಕಲ್ಲು ಪಂಪ್‌ಮನೆಯ ಕಿಟಕಿಗೆ ಬಿದ್ದಾಗ ಉಪ್ಪಕ್ಕ ಮೊಣಕಾಲೂರಿ ಉಪ್ಪಿನ ಚೀಲದ ಬಾಯಿ ಬಿಚ್ಚುತ್ತಿದ್ದಳು. ಎರಡನೆಯದು ಅವಳ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿದು ಗಾರೆ ಉದುರಿಸಿತು. ಮೂರನೆಯದಕ್ಕೆ ಕಾಯುವಷ್ಟು ದಡ್ಡಿಯಲ್ಲ ಅವಳು. ಚೀಲದ ಹಿಂದೆ ಕುಕ್ಕರಿಸಿ ಹೊರಗಿನ ದನಿಗಳಿಗೆ ಕಿವಿಗೊಟ್ಟಳು. ಹದಿನೈದು ವರ್ಷ ಇವರ ಮನೆಗಳಿಗೆ ನೀರು ಬಿಟ್ಟವಳಿಗೆ ಯಾವ ಗಂಟಲು ಯಾರದ್ದೆಂದು ಗೊತ್ತಾಗದೆ ಇರುತ್ತದೆಯೇ? ನೀರು ಐದು ನಿಮಿಷ ತಡವಾದರೆ ಬೀದಿ ಕಿತ್ತುಹೋಗುವಂತೆ ಕೂಗುವ ಗಂಟಲುಗಳೇ. ಆದರೆ ಇವತ್ತು ಅವುಗಳ ನಡುವೆ ಇನ್ನೊಂದು ದನಿಯಿತ್ತು. ಅವಳ ಸ್ವಂತ ತಮ್ಮನ ದನಿ ಅದು.

ತಮ್ಮನ ಮಗಳು, ನಾಲ್ಕು ವರ್ಷದ ಕೂಸು, ನಿನ್ನೆ ಆಸ್ಪತ್ರೆಯಲ್ಲಿ ತೀರಿಹೋಗಿತ್ತು. ವಾಂತಿ, ಭೇದಿ, ಎರಡೇ ದಿನ. ಸಾಲುಮನೆಗಳ ಇನ್ನೂ ಹತ್ತೊಂಬತ್ತು ಜನ ಅದೇ ವಾರ್ಡಿನಲ್ಲಿ ಮಲಗಿದ್ದರು. ಕಾಯಿಲೆ ನೀರಿನಿಂದ ಬಂದದ್ದು ಎಂದು ಡಾಕ್ಟರು ಹೇಳಿದ್ದೇ ತಡ, ಊರಿನ ಕಣ್ಣೆಲ್ಲ ಪಂಪ್‌ಮನೆಯ ಮೇಲೆ ಬಿತ್ತು.

"ಅತ್ತಿಗೆ, ಹಿಂದಿನ ಕಿಟಕಿಯಿಂದ ಹಾರಿ ಹೋಗಿಬಿಡಿ," ಎಂದ ಮೈದುನ. ಕಾರ್ಖಾನೆಯಲ್ಲಿ ಬಾಯ್ಲರ್ ಫಿಟರು ಅವನು. ಜನ ಸೇರುತ್ತಿರುವುದನ್ನು ಕಂಡು, ಅವಳಿಗೆ ಹೇಳಲೆಂದು ಓಡಿ ಬಂದವನು ತಾನೂ ಒಳಗೇ ಸಿಕ್ಕಿಬಿದ್ದಿದ್ದ.

"ನಾನ್ಯಾಕೆ ಹಾರಲಿ? ಕದ್ದಿದ್ದೀನಾ? ನೀನು ಆ ಟ್ಯಾಂಕಿನ ಹಿಂದೆ ನಿಂತ್ಕೋ. ಉಸಿರು ಬಿಡ್ಬೇಡ."

ಟ್ಯಾಂಕು ಎಂದರೆ ನೀರು ಮೆದು ಮಾಡುವ ಯಂತ್ರ. ಆಳೆತ್ತರದ ಕಬ್ಬಿಣದ ಉರುಳೆ, ಹೊಟ್ಟೆಯ ಮೇಲೊಂದು ಮಬ್ಬು ಗಾಜಿನ ಕಿಂಡಿ. ಒಳಗೆ ಜೇನಿನ ಬಣ್ಣದ, ಸಾಸಿವೆಯಷ್ಟು ಸಣ್ಣ ಮಣಿಗಳು. ಗಡಸು ನೀರು ಆ ಮಣಿಗಳ ನಡುವೆ ಇಳಿಯುವಾಗ ಮಣಿಗಳು ಸುಣ್ಣದ ಅಂಶವನ್ನು ಹಿಡಿದುಕೊಂಡು ಬದಲಿಗೆ ಉಪ್ಪಿನ ಅಂಶವನ್ನು ಬಿಟ್ಟುಕೊಡುತ್ತವೆ. ಹಿಡಿದು ಹಿಡಿದು ದಣಿದಾಗ ಉಪ್ಪುನೀರು ಕುಡಿಸಿದರೆ ಮತ್ತೆ ಚೇತರಿಸಿಕೊಳ್ಳುತ್ತವೆ. ವಾರಕ್ಕೆರಡು ಚೀಲ ಉಪ್ಪು ಹೊತ್ತು ಸುರಿದೇ ಅವಳಿಗೆ ಉಪ್ಪಕ್ಕ ಎಂಬ ಹೆಸರು ಬಂದದ್ದು.

ಯಂತ್ರ ಬಂದು ಮೂರೇ ತಿಂಗಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಅದನ್ನು ತೆಗೆದು ಹೊಸದು ತರಿಸಿತು. ಹಿತ್ತಲಲ್ಲಿ ಆರು ತಿಂಗಳು ನೀರು ತುಂಬಿಕೊಂಡೇ ಬಿದ್ದಿದ್ದ ಹಳೆಯದು ಕೆಲಸಗಾರರ ನಲವತ್ತೆರಡು ಮನೆಗಳ ಪಾಲಿಗೆ ಬಂತು. ಅದಕ್ಕೂ ಮೊದಲು ಇಲ್ಲಿಯ ನೀರಿನಲ್ಲಿ ಸೋಪು ನೊರೆ ಬರುತ್ತಿರಲಿಲ್ಲ, ಪಾತ್ರೆಗೆಲ್ಲ ಬಿಳಿ ಕರೆ. ಯಂತ್ರ ಬಂದ ಮೇಲೆ ಕರೆ ಹೋಯಿತು, ನೊರೆ ಬಂತು. ಜೊತೆಗೆ ಇನ್ನೊಂದು ಹೋಯಿತು, ಬ್ಲೀಚಿಂಗ್ ಪುಡಿಯ ಆ ಘಾಟು ವಾಸನೆ. "ಉಪ್ಪಕ್ಕ, ಈಗ ನೋಡು ನೀರು ಅಂದ್ರೆ ನೀರು!" ಎಂದು ಹೆಂಗಸರು ಅವಳ ಗಲ್ಲ ಹಿಡಿದು ಮಾತಾಡಿಸಿದ್ದರು. ಅವಳೂ ಒಂದಿಷ್ಟು ಉಬ್ಬಿದ್ದಳು. ಉಬ್ಬದೆ ಏನು ಮಾಡುತ್ತಾಳೆ? ಹದಿನೈದು ವರ್ಷದಲ್ಲಿ ಅವಳನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಬಾಗಿಲ ಚಿಲಕ ಮುರಿಯಿತು.

ಮೊದಲು ನುಗ್ಗಿದವನು ಮೂರನೇ ಸಾಲಿನ ದರ್ಜಿ. ಅವಳ ಜುಟ್ಟಿಗೇ ಕೈಹಾಕಿ ಎಳೆದ. "ಎಲ್ಲೇ ಔಷಧಿ? ಪುಡಿ ಕಲಸೋಕೆ ಸೋಮಾರಿತನ ಬಂತಾ ನಿಂಗೆ?"

"ಕೈ ತೆಗಿ! ಒಂದು ದಿನ ತಪ್ಪಿಸಿಲ್ಲ ನಾನು."

"ಹಾಗಾದ್ರೆ ನನ್ನ ಮಗು ಹೇಗಕ್ಕಾ ಸತ್ತಿದ್ದು?" ತಮ್ಮ ಮುಂದೆ ಬಂದ. ಎರಡು ದಿನದಿಂದ ನೀರು ಕಾಣದ ಮುಖ, ಕೆಂಡದಂಥ ಕಣ್ಣು. ಕೈಯಲ್ಲಿ ಮಗುವಿನ ನೀರಿನ ಬಾಟಲಿ, ಮುಚ್ಚಳಕ್ಕೆ ಕಟ್ಟಿದ ಗುಲಾಬಿ ದಾರ ಇನ್ನೂ ಹಾಗೇ ಇತ್ತು. "ಹೇಳು. ಹೇಗೆ ಸತ್ತಿದ್ದು?"

ಉಪ್ಪಕ್ಕನಿಗೆ ಅಳು ನುಗ್ಗಿ ಬಂತು. ಆ ಕೂಸನ್ನು ಮೊದಲು ಎಣ್ಣೆ ಹಚ್ಚಿ ಮೀಯಿಸಿದವಳೇ ಅವಳು. ಆದರೆ ಈಗ ಅತ್ತರೆ ತಪ್ಪೊಪ್ಪಿಕೊಂಡಂತೆ. "ಬಾ, ನಿನ್ನ ಕಣ್ಣಲ್ಲೇ ನೋಡು," ಎಂದಳು.

ಬಾವಿಯಿಂದ ಬರುವ ಪೈಪು, ಅದರ ಪಕ್ಕ ಬ್ಲೀಚಿಂಗ್ ಪುಡಿ ಕಲಸಿದ ನೀಲಿ ಡ್ರಮ್ಮು, ಡ್ರಮ್ಮಿನಿಂದ ಔಷಧಿ ಪೈಪಿಗೆ ಸೇರುವ ಸಣ್ಣ ನಳಿಕೆ, ಅದಾದ ಮೇಲೆ ಒಂದು ಪುಟ್ಟ ನಲ್ಲಿ. ದಿನಾ ಬೆಳಿಗ್ಗೆ ಆ ನಲ್ಲಿಯ ನೀರನ್ನು ಗಾಜಿನ ಕೊಳವೆಗೆ ಹಿಡಿದು ಐದು ಹನಿ ಪರೀಕ್ಷೆಯ ದ್ರವ ಹಾಕುವುದು ಅವಳ ಪದ್ಧತಿ. ಹಳದಿ ಬಂದರೆ ಕ್ಲೋರಿನ್ ಇದೆ, ಬಾರದಿದ್ದರೆ ಇಲ್ಲ. ಬಾವಿಯ ಪಕ್ಕದಲ್ಲೇ ಮೋರಿ ಇದ್ದುದರಿಂದ ಗಂಡ ಬದುಕಿದ್ದಾಗಲೇ ಅವಳಿಗೆ ಇದನ್ನು ತಲೆಗೆ ಬಡಿದು ಬಡಿದು ಕಲಿಸಿದ್ದ.

ಅವಳು ಹನಿ ಹಾಕಿದಳು. ನಿಂಬೆಹಣ್ಣಿನಂಥ ಹಳದಿ. ಜನ ಒಂದು ಕ್ಷಣ ತಣ್ಣಗಾದರು.

"ಬಣ್ಣ ತೋರಿಸಿ ಯಾರನ್ನ ಯಾಮಾರಿಸ್ತೀಯ?" ಎಂದ ದರ್ಜಿ. "ನಾವು ಇರೋದೇ ಬಣ್ಣದ ಕಾರ್ಖಾನೆ ಬಾಗಿಲಲ್ಲಿ!"

ಯಾರೋ ಕಿಸಕ್ಕೆಂದರು. ತಮ್ಮ ನಗಲಿಲ್ಲ. ಬಾಟಲಿ ಚಾಚಿದ. "ಇದು ನಮ್ಮ ಅಡುಗೆಮನೆ ನಲ್ಲಿ ನೀರು. ಇದಕ್ಕೆ ಹಾಕು."

ಅವಳು ಕೊಳವೆ ತೊಳೆದು ಬಾಟಲಿಯ ನೀರು ತುಂಬಿದಳು. ಐದು ಹನಿ. ಏನೂ ಇಲ್ಲ. ಆರು, ಏಳು. ಎಂಟನೆಯದು ಕೊಳವೆ ತಪ್ಪಿ ನೆಲಕ್ಕೆ ಬಿತ್ತು. ನೀರು ಗಾಜಿನಷ್ಟೇ ತಿಳಿಯಾಗಿತ್ತು.

ತಮ್ಮನ ಕೈ ಅವಳ ಕೆನ್ನೆಗೆ ಬಿದ್ದದ್ದು ಅವಳಿಗೆ ಕಾಣಲೇ ಇಲ್ಲ, ನೆಲ ಮಾತ್ರ ಎದ್ದು ಬಂದು ಹಣೆಗೆ ಬಡಿಯಿತು. ಅವನು ಹೊಡೆದದ್ದೇ ಸಾಕಾಯಿತು, ಮಿಕ್ಕವರಿಗೆ ಅಪ್ಪಣೆ ಸಿಕ್ಕಂತಾಯಿತು. ಪಕ್ಕೆಗೆ ಒಂದು ಒದೆ, ಬೆನ್ನಿಗೆ ಎರಡು. ಚಪ್ಪಲಿ, ಬೂಟು, ಬರಿಗಾಲು. ಬಾಯಲ್ಲಿ ಮುರಿದ ಹಲ್ಲು ನಾಲಗೆಗೆ ತಾಕಿತು. ಯಾರೋ ಅವಳ ಕೂದಲು ಹಿಡಿದು ಗೋಡೆಯ ತನಕ ಎಳೆದರು. ಅಲ್ಲಿ, ನೆಲಕ್ಕೆ ಕೆನ್ನೆ ಒತ್ತಿ ಬಿದ್ದುಕೊಂಡು, ರಕ್ತದ ನಡುವಿನಿಂದಲೇ ಅವಳು ಆ ಪೈಪನ್ನು ನೋಡಿದಳು. ದಿನಾ ನೋಡುವ ಪೈಪೇ. ಡ್ರಮ್ಮು, ನಲ್ಲಿ, ಆಮೇಲೆ ಯಂತ್ರ, ಆಮೇಲೆ ಮೇಲಿನ ಟ್ಯಾಂಕಿಗೆ ಹತ್ತುವ ಪೈಪು.

ಡ್ರಮ್ಮಿನಿಂದ ಯಂತ್ರಕ್ಕೆ ಎರಡು ಮಾರು ದೂರ ಅಷ್ಟೇ.

ಔಷಧಿ ನೀರಿನ ಜೊತೆ ಅರ್ಧ ಗಂಟೆಯಾದರೂ ಸಂಸಾರ ಮಾಡಿದರೆ ಮಾತ್ರ ರೋಗದ ಹುಳಗಳು ಸಾಯುತ್ತವೆ ಎಂದು ಗಂಡ ಹೇಳುತ್ತಿದ್ದ. ಮೊದಲೆಲ್ಲ ಆ ಅರ್ಧ ಗಂಟೆ ಮೇಲಿನ ಟ್ಯಾಂಕಿನಲ್ಲಿ ಕಳೆಯುತ್ತಿತ್ತು. ಈಗ ಔಷಧಿ ಮೇಲಕ್ಕೆ ಹೋಗುವ ಮೊದಲೇ ಆ ಹಳೆಯ ಮಣಿಗಳ, ಆರು ತಿಂಗಳ ಲೋಳೆಯ ಬಾಯಿಗೆ ಬೀಳುತ್ತಿದೆ. ಅವಳು ಪರೀಕ್ಷಿಸುತ್ತಿದ್ದುದು ಊಟಕ್ಕೆ ಬಡಿಸಿದ ಎಲೆಯನ್ನು. ಉಂಡದ್ದು ಯಾರು ಎಂದು ಒಂದು ದಿನವೂ ನೋಡಿರಲಿಲ್ಲ.

"ಬಿಡ್ರೋ ಅತ್ತಿಗೇನ!" ಮೈದುನನಿಗೆ ಇನ್ನು ತಡೆಯಲಾಗಲಿಲ್ಲ. ಟ್ಯಾಂಕಿನ ಹಿಂದಿನಿಂದ ನುಗ್ಗಿ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಬೀಸಿದ. ದರ್ಜಿಯ ಭುಜಕ್ಕೆ ಬಿದ್ದು ಅವನು ಅಯ್ಯಯ್ಯೋ ಎಂದು ಮಡಚಿಕೊಂಡ. ಆದರೆ ಒಬ್ಬನೇ ಎಷ್ಟು ಜನಕ್ಕೆ ಬೀಸಿಯಾನು? ನಾಲ್ಕು ಜನ ಸೇರಿ ಅವನನ್ನು ಗೋಡೆಗೆ ಒತ್ತಿ ಹಿಡಿದರು. ಮುಖದ ಮೇಲೆ ಮುಷ್ಟಿ ಬಿದ್ದ ಹಾಗೆಲ್ಲ ತಲೆ ಹಿಂದಿನ ಇಟ್ಟಿಗೆಗೆ ಬಡಿಯುತ್ತಿತ್ತು.

"ಅವನನ್ನ ಯಾಕೆ ಹೊಡೀತೀರಿ!" ಉಪ್ಪಕ್ಕ ಮೊಣಕೈಯ ಮೇಲೆ ಎದ್ದಳು. "ಔಷಧಿ ಹಾಕಿದ್ದೀನಿ, ನೋಡಿದ್ರಲ್ಲ! ಈ ಮೆಷಿನ್ನೇ ಅದನ್ನ ತಿಂತಾ ಇರೋದು. ಇದರ ಒಳಗೆ ಹೋಗಿ ಬರೋ ಹೊತ್ತಿಗೆ ಏನೂ ಉಳಿಯಲ್ಲ. ಒಡೆದು ನೋಡಿ ಬೇಕಾದ್ರೆ!"

ಮಾತು ಬಾಯಿಂದ ಬಿದ್ದಿತು. ತಮ್ಮ ಮೂಲೆಯಲ್ಲಿದ್ದ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಎತ್ತಿಕೊಂಡ. ಮೊದಲನೇ ಏಟಿಗೆ ಕಿಂಡಿಯ ಗಾಜು ಬಿರಿಯಿತು. ಎರಡನೆಯದಕ್ಕೆ ಒಡೆದುಹೋಯಿತು. ನೀರಿನ ಜೊತೆ ಮಣಿಗಳು ಹೊರಗೆ ಉಕ್ಕಿದವು. ಜೇನಿನ ಬಣ್ಣ ಎಲ್ಲಿಯದು? ಕಂದು ಲೋಳೆ ಹಿಡಿದು, ಕೊಳೆತ ಕೆರೆಯ ನಾತ ಹೊಡೆಯುವ ಮುದ್ದೆ. ನೆಲದ ತುಂಬ ಹರಡಿದ ಮಣಿಗಳ ಮೇಲೆ ದರ್ಜಿ ಕಾಲಿಟ್ಟು ಮಕಾಡೆ ಬಿದ್ದ. ಎತ್ತಲು ಹೋದವನು ಅವನ ಮೇಲೆ ಬಿದ್ದ. ಬೇರೆ ದಿನವಾಗಿದ್ದರೆ ಇಡೀ ಬೀದಿ ವಾರಗಟ್ಟಲೆ ನಗುತ್ತಿತ್ತು.

ತಮ್ಮ ಒಂದು ಹಿಡಿ ಲೋಳೆ ಎತ್ತಿ ಮೂಸಿದ. ಅವನ ಬಾಯಿ ಸೊಟ್ಟಗಾಯಿತು. "ಇದನ್ನ ಕುಡಿಸಿದ್ದೀನಿ ನನ್ನ ಮಗಳಿಗೆ," ಎಂದ. ಯಾರಿಗೂ ಅಲ್ಲ, ತನಗೇ. ಆಮೇಲೆ ಕಬ್ಬಿಣದ ಕೀಲಿ ಹಿಡಿದು ಮೈದುನನ ಕಡೆ ತಿರುಗಿದ. "ಫಿಟ್ ಮಾಡಿದ್ದು ನೀನು ತಾನೇ? ಔಷಧಿ ಬೀಳೋ ಜಾಗ ಆದ್ಮೇಲೆ ಯಾಕೋ ಕೂರಿಸಿದೆ ಇದನ್ನ?"

ಮೈದುನನ ಒಂದು ಕಣ್ಣು ಮುಚ್ಚಿಹೋಗಿತ್ತು. ತೆರೆದಿದ್ದ ಇನ್ನೊಂದು ಕಣ್ಣು ಅತ್ತಿಗೆಯ ಮೇಲೆ ಒಂದು ಕ್ಷಣ ನಿಂತು, ನೆಲ ನೋಡಿತು.

ಕೀಲಿ ಅವನ ಪಕ್ಕೆಗೆ ಬಿತ್ತು. ಒಳಗೇನೋ ಒಣ ಕಡ್ಡಿಯಂತೆ ಲಟಕ್ಕೆಂದಿತು.

"ಹೇಳೋ! ಯಾಕೆ ಅಲ್ಲಿ ಕೂರಿಸಿದೆ?"

ಅವನು ಹೇಳಲಿಲ್ಲ. ಕೀಲಿ ಮತ್ತೆ ಮೇಲೆದ್ದಿತು. ಈ ಸಲ ತಮ್ಮನ ಕಣ್ಣು ಇದ್ದದ್ದು ಅವನ ತಲೆಯ ಮೇಲೆ.

ಮೂರು ತಿಂಗಳ ಹಿಂದಿನ ಆ ಮಧ್ಯಾಹ್ನ ಉಪ್ಪಕ್ಕನಿಗೆ ಕಣ್ಣಿಗೆ ಕಟ್ಟಿದಂತಿತ್ತು. ಇದೇ ನೆಲದ ಮೇಲೆ ಪೈಪು ಹರಡಿಕೊಂಡು ಮೈದುನ ಕೇಳಿದ್ದ, "ಅತ್ತಿಗೆ, ಇದನ್ನ ಡ್ರಮ್ಮಿಗಿಂತ ಮುಂಚೆ ಕೂರಿಸಲಾ, ಆದ್ಮೇಲೆ ಕೂರಿಸಲಾ? ಬಾಯ್ಲರಿಗೆ ಔಷಧಿ ಹಾಕಲ್ಲ, ನಂಗೆ ಇದು ಗೊತ್ತಾಗಲ್ಲ." ಗೊತ್ತಿಲ್ಲ ಎಂದು ಅವನು ಒಪ್ಪಿಕೊಂಡಿದ್ದ. ತನಗೂ ಗೊತ್ತಿಲ್ಲ ಎಂದು ಅವಳು ಒಪ್ಪಿಕೊಂಡಿರಲಿಲ್ಲ. ಆ ಮಾತು ಈ ಕೋಣೆಯಲ್ಲಿ ಇಬ್ಬರಿಗೇ ಗೊತ್ತು. ಒಬ್ಬ ಪ್ರಾಣ ಹೋದರೂ ಹೇಳುವವನಲ್ಲ. ಇನ್ನೊಬ್ಬಳು ಸುಮ್ಮನಿದ್ದರೆ ಬದುಕಿಕೊಳ್ಳುತ್ತಾಳೆ, ತಮ್ಮ ಕೊಲೆಗಾರನಾಗುತ್ತಾನೆ.

"ನಾನು ಹೇಳಿದ್ದು ಕಣೋ!" ಎಂದು ಕಿರುಚಿದಳು.

ಕೀಲಿ ಗಾಳಿಯಲ್ಲೇ ನಿಂತಿತು.

"ಅವನು ನನ್ನ ಕೇಳಿದ. ಆದ್ಮೇಲೆ ಇರಲಿ, ಔಷಧಿನೂ ಚೆನ್ನಾಗಿ ಸೋಸಿ ಬರುತ್ತೆ, ಆ ವಾಸನೆನೂ ಹೋಗುತ್ತೆ, ಹೆಂಗಸರ ಬಾಯಿ ಮುಚ್ಚುತ್ತೆ ಅಂತ ಹೇಳಿದೋಳು ನಾನು. ಜಾಗ ತೋರಿಸಿದೋಳೂ ನಾನೇ."

ತಮ್ಮ ನಿಧಾನವಾಗಿ ಅವಳ ಹತ್ತಿರ ಬಂದ. ಕಾಲಕೆಳಗೆ ಮಣಿಗಳು ಕರಕರ ಎಂದವು. "ಯಾವ ಕೈಲಿ ತೋರಿಸಿದೆ?"

ಉಪ್ಪಕ್ಕ ಅವನ ಮುಖ ನೋಡಿದಳು. ಬಲಗೈಯನ್ನು ನೆಲದ ಮೇಲಿಟ್ಟಳು.

ಯಾರೋ "ಬೇಡ ಕಣೋ" ಎಂದರು. ಬಹುಶಃ ದರ್ಜಿಯೇ ಇರಬೇಕು. ಕಬ್ಬಿಣ ಬಿದ್ದ ಸದ್ದು ಜೋರಾಗಿಯೇನೂ ಇರಲಿಲ್ಲ, ಒದ್ದೆ ಬಟ್ಟೆ ಕಲ್ಲಿಗೆ ಒಗೆದಂತಿತ್ತು. ಅವಳ ಕೂಗು ಮಾತ್ರ ಮೂರು ಸಾಲುಗಳ ಆಚೆಗೂ ಕೇಳಿಸಿತಂತೆ. ತಮ್ಮ ಕೀಲಿಯನ್ನು ಎಸೆದು, ಆ ಲೋಳೆಯಲ್ಲೇ ಕುಸಿದು ಕೂತು, ಬಾಟಲಿಯ ಗುಲಾಬಿ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದ.

ಮಾತಾಡಲು ಉಸಿರು ಸಿಕ್ಕಿದ ತಕ್ಷಣ ಉಪ್ಪಕ್ಕ ಹೇಳಿದ್ದು ಇಷ್ಟು. "ಆಯ್ತಾ? ಈಗ ಎದ್ದು ಮನೆಗೆ ಓಡು. ಚಿಕ್ಕ ಮಗೂಗೆ ಅದೇ ನೀರು ಕುಡಿಸ್ತಾ ಇರ್ತಾಳೆ ನಿನ್ನ ಹೆಂಡ್ತಿ. ಎಲ್ಲರೂ ಬಿಂದಿಗೆ, ಕೊಡ ಎಲ್ಲ ಚೆಲ್ಲಿ. ಯಾರಾದ್ರೂ ಮೇಲಿನ ಟ್ಯಾಂಕಿನ ವಾಲ್ವು ಮುಚ್ರಪ್ಪಾ, ನಂಗೆ ಕೈ ಇಲ್ಲ."

ಆ ಮಾತಿಗೆ ಜನ ಓಡಿದರು. ಅವಳನ್ನು ಹೊಡೆಯಲು ಬಂದಾಗಿನದಕ್ಕಿಂತ ಜೋರಾಗಿ ಓಡಿದರು.

ಹತ್ತೊಂಬತ್ತು ಜನವೂ ಉಳಿದುಕೊಂಡರು. ತಮ್ಮನ ಹತ್ತು ತಿಂಗಳ ಚಿಕ್ಕದಕ್ಕೆ ಏನೂ ಆಗಲಿಲ್ಲ. ಯಂತ್ರ ಗುಜರಿಗೆ ಹೋಯಿತು. ಮೇಲಿನ ಟ್ಯಾಂಕನ್ನು ತಿಕ್ಕಿ ತೊಳೆದು, ಔಷಧಿಯ ನೀರನ್ನು ಒಂದಿಡೀ ದಿನ ನಿಲ್ಲಿಸಿದರು. ಪಾತ್ರೆಗಳಿಗೆ ಮತ್ತೆ ಬಿಳಿ ಕರೆ ಬಂತು. ಮೈದುನ ಪಕ್ಕೆಗೆ ಬಿಗಿದ ಪಟ್ಟಿಯ ಜೊತೆಗೇ ಬಂದು ಪೈಪುಗಳನ್ನು ಜೋಡಿಸಿ ಕೊಟ್ಟ. "ಯಾಕೋ ಹೇಳ್ಲಿಲ್ಲ?" ಎಂದು ಅವಳು ಕೇಳಿದರೆ, "ಹೇಳೋಕೆ ಬಾಯಿ ಎಲ್ಲಿ ಬಿಟ್ಟಿದ್ರು ಅತ್ತಿಗೆ," ಎಂದು ನಕ್ಕು, ನಕ್ಕದ್ದಕ್ಕೆ ಪಕ್ಕೆ ಹಿಡಿದುಕೊಂಡ.

ನಾಲ್ಕನೇ ದಿನ ಬೆಳಿಗ್ಗೆ ತಮ್ಮ ಪಂಪ್‌ಮನೆಯ ಬಾಗಿಲಲ್ಲಿ ನಿಂತಿದ್ದ. ಅದೇ ಬಾಟಲಿ, ಅಡುಗೆಮನೆಯ ನೀರು. ಮುಖ ನೋಡದೆ ಕಟ್ಟೆಯ ಮೇಲಿಟ್ಟ.

ಉಪ್ಪಕ್ಕ ಮೊಣಕೈಯವರೆಗೆ ಹಾಕಿದ್ದ ಪ್ಲಾಸ್ಟರನ್ನು ಎತ್ತಿ ತೋರಿಸಿದಳು. "ನಾನು ಹೇಗೆ ಹಾಕಲಿ? ನೀನೇ ಹಾಕು. ಎಣಿಸ್ತೀನಿ."

ಅವನು ಕೊಳವೆ ತುಂಬಿದ. ಮೂಟೆ ಎತ್ತುವ ದಪ್ಪ ಬೆರಳುಗಳಲ್ಲಿ ಆ ಸಣ್ಣ ಸೀಸೆ ನಿಲ್ಲುತ್ತಿರಲಿಲ್ಲ. ಒಂದು, ಎರಡು, ಎಂದಳು ಅವಳು. ಐದಕ್ಕೆ ಹಳದಿ ಬಂತು. ಬೆಳಕಿಗೆ ಹಿಡಿದು ನೋಡಿ ಹೋದ. ಮರುದಿನವೂ ಬಂದ, ಅದರ ಮರುದಿನವೂ. ಹದಿನೇಳು ದಿನ ಅವನು ಅಕ್ಕನ ಜೊತೆ ಒಂದು ಮಾತೂ ಆಡಲಿಲ್ಲ, ಅವಳು ಆಡಿದ್ದಕ್ಕೆ ತಲೆಯನ್ನೂ ಎತ್ತಲಿಲ್ಲ. ಅವಳ ಎಣಿಕೆಗೆ ಮಾತ್ರ ಹನಿ ಬಿಡುತ್ತಿದ್ದ.

ಹದಿನೆಂಟನೇ ದಿನ ದರ್ಜಿ ಬಾಗಿಲಲ್ಲಿ ಇಣುಕಿದ. "ಉಪ್ಪಕ್ಕ, ನೀರು ಮತ್ತೆ ವಾಸನೆ ಹೊಡೀತಾ ಇದೆ ನೋಡು. ನನ್ನ ಹೆಂಡ್ತಿ ಮೂಗು ಮುಚ್ಕೊಂಡೇ ಕುಡಿಯೋದು. ಸ್ವಲ್ಪ ಕಮ್ಮಿ..."

ಮಾತು ಮುಗಿಯುವ ಮೊದಲೇ ತಮ್ಮ ಅವನ ಕತ್ತಿನ ಪಟ್ಟಿ ಹಿಡಿದು ಒಳಗೆಳೆದಿದ್ದ. ಪೈಪಿಗೆ ಒತ್ತಿ ನಿಲ್ಲಿಸಿ, ನಲ್ಲಿಯಿಂದ ಒಂದು ಲೋಟ ತುಂಬಿ ಅವನ ಹಲ್ಲಿಗೆ ತಾಗಿಸಿದ. "ಕುಡಿ."

"ಅಯ್ಯೋ, ತಮಾಷೆಗೆ ಅಂದೆ ಮಾರಾಯ..."

"ಕುಡಿ!"

ದರ್ಜಿ ಗಟಗಟ ಕುಡಿದ. ಅಂಗಿಯೆಲ್ಲ ಒದ್ದೆ. ತಮ್ಮ ಎರಡನೇ ಲೋಟ ತುಂಬಿದ. ಅವನ ಇನ್ನೊಂದು ಕೈ ದರ್ಜಿಯ ಗಂಟಲ ಮೇಲೆ ಬಿಗಿಯಾಗುತ್ತಿತ್ತು. ಕಣ್ಣಿಗೆ ಮತ್ತೆ ಆ ದಿನದ ಕೆಂಡ ಬಂದಿತ್ತು.

"ಬಿಡೋ ಅವನನ್ನ," ಎಂದಳು ಉಪ್ಪಕ್ಕ. ಕೂತಲ್ಲಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಸಾಕು, ಬಿಡು."

ಬೆರಳುಗಳು ಒಂದೊಂದಾಗಿ ಸಡಿಲಾದವು. ದರ್ಜಿ ಕೆಮ್ಮುತ್ತ ಬೀದಿಗೆ ಬಿದ್ದ. ತಮ್ಮ ಲೋಟದಲ್ಲಿ ಉಳಿದಿದ್ದ ನೀರನ್ನು ತಾನೇ ಕುಡಿದ. ಗಾಜಿನ ಕೊಳವೆ ತೊಳೆದು, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ.

"ನಾಳೆ ಪ್ಲಾಸ್ಟರ್ ಬಿಚ್ತಾರಾ?" ಎಂದು ಬೆನ್ನು ತಿರುಗಿಸಿಕೊಂಡೇ ಕೇಳಿದ.

"ಇನ್ನೂ ಎರಡು ವಾರ."

"ಸರಿ. ಬರ್ತೀನಿ," ಎಂದು ಬಾಟಲಿ ಎತ್ತಿಕೊಂಡು ಹೋದ.