ಧರಣೇಂದ್ರಯ್ಯನ ಪಟ

"ಹೆಗಲು ಹಿಡೀರೋ, ಹೆಗಲು! ತಲೆ ಮುಂದಕ್ಕೆ ವಾಲ್ತಾ ಇದೆ," ಎಂದು ಅನಂತರಾಜಯ್ಯ ಗದರಿದರು. ಇಬ್ಬರು ಸೇರಿ ಅವರ ಅಣ್ಣನ ಮಗನ ಹೆಣವನ್ನು ಕುರ್ಚಿಗೆ ಒರಗಿಸಿ, ಎದೆಗೆ ಪಂಚೆ ಸುತ್ತಿ ಹಿಂದಿನಿಂದ ಬಿಗಿದರು. ಬದುಕಿದ್ದಾಗ ಧರಣೇಂದ್ರಯ್ಯ ಆ ಕುರ್ಚಿಯಲ್ಲಿ ಕೂತವನಲ್ಲ. ಚನ್ನರಾಯಪಟ್ಟಣದ ಮಂಡಿಯಲ್ಲಿ ಕೊಬ್ಬರಿ ಮೂಟೆಯ ಮೇಲೆ, ಮನೆಯಲ್ಲಿ ನೆಲದ ಮೇಲೆ ಕೂತು ಬದುಕು ಮುಗಿಸಿದ್ದ.

"ಕಣ್ಣು ತೆರೆಸಿ," ಎಂದಳು ತಾಯಿ ಜಿನಮ್ಮ. "ಕಣ್ಮುಚ್ಚಿದ ಪಟ ಯಾವ ಭಾಗ್ಯಕ್ಕೆ?"

"ಅತ್ತಿಗೆ, ಹೊತ್ತು ಇಳೀತಾ ಇದೆ. ಹೆಣ ಇಟ್ಕೊಂಡಷ್ಟೂ ಅದರಲ್ಲಿ ಕಣ್ಣಿಗೆ ಕಾಣದ ಜೀವ ಹುಟ್ತವೆ. ಅವನ್ನೆಲ್ಲ ಸುಡೋ ಪಾಪ ನಮಗೆ ಬೇಕಾ? ಸೂರ್ಯ ಮುಳುಗೋದ್ರೊಳಗೆ ಬೆಂಕಿ ಬೀಳಬೇಕು."

"ಕೆರೆಯ ಕೊಕ್ಕರೆಗೆಲ್ಲ ಪಟ ತೆಗೆದ. ಅವನದೊಂದು ಪಟ ಈ ಮನೇಲಿಲ್ಲ. ತೆಗೀರಿ, ಆಮೇಲೆ ಹೊತ್ಕೊಂಡು ಹೋಗಿ. ಅಲ್ಲೀವರೆಗೂ ಹೊಸ್ತಿಲು ದಾಟಿಸೋಕೆ ಬಿಡೋಳಲ್ಲ ನಾನು."

ಧರಣೇಂದ್ರಯ್ಯನ ಹೆಂಡತಿ ರಾಜೀಮತಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಟ್ಟದ ಮೇಲಿದ್ದ ಕ್ಯಾಮರಾ ಪೆಟ್ಟಿಗೆ ಆಗಲೇ ಕೆಳಗಿಳಿದಿತ್ತು. ಬಿಚ್ಚದೆ ಉಳಿದಿದ್ದ, ಪಟ ಹಿಡಿಯುವ ಗಾಜಿನ ಪ್ಲೇಟುಗಳ ಡಬ್ಬಿಯೂ ಸಿಕ್ಕಿತ್ತು. ಗಂಡನಿಗೆ ಆ ಹುಚ್ಚು ಹತ್ತಿಸಿದ್ದ ಹೈಸ್ಕೂಲು ಮೇಷ್ಟ್ರು ಸಂಪತ್ಕುಮಾರ, ಹಾಸನದಿಂದ, ಯುದ್ಧದಲ್ಲಿ ಪೆಟ್ರೋಲು ಸಿಗದೆ ಓಡಿಸುತ್ತಿದ್ದ ಇದ್ದಿಲ ಬಸ್ಸಿನಲ್ಲಿ ಬಂದು, ಜಗಲಿಯಲ್ಲಿ ಕೂತು ಧೂಳು ಒರೆಸುತ್ತಿದ್ದರು. ಪೆಟ್ಟಿಗೆ ತೆಗೆಯುವುದಿಲ್ಲವೆಂದು ಗಂಡನಿಗೆ ಅವಳು ಮಾತು ಕೊಟ್ಟಿದ್ದಳು. ಯಾಕೆಂದು ಬಾಯಿ ಬಿಡುವ ಹಾಗೂ ಇಲ್ಲ. ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದ ಹಾಗೆ, ಅತ್ತೆಯ ಪ್ರಾಣ ಆ ಒಂದು ಗುಟ್ಟಿನಲ್ಲಿತ್ತು.

ಜಗಲಿಯ ಕೆಳಗೆ ಗಾಡಿ ಹೊಡೆಯುವ ಪಾಲಾಕ್ಷ, ಪಕ್ಕದ ಮನೆಯ ನಂಜಮ್ಮನಿಗೆ ಪಿಸುಗುಡುತ್ತಿದ್ದ.

"ಹಳೇಕೋಟೆ ಕೆರೆ ಮಗ್ಗುಲ ಹುಣಸೇಮರ ಇಲ್ವಾ? ಅಲ್ಲೀ ಕೊಕ್ಕರೆ ಶಾಪ ಕಣವ್ವ ಇದು. ಗಾಡಿ ಒಡ್ದೋನು ನಾನೇ. ಅಯ್ನೋರು ಕರೀ ಮುಸುಕಾಕ್ಕಂಡು ಆ ಪೆಟ್ಗೆ ಕಣ್ಣು ತೆಗುದ್ರೆ ಸಾಕು, ಅಷ್ಟು ಪಕ್ಸಿನೂ ಉಸ್ರು ಕಟ್ದಂಗೆ ಸುಮ್ಕಾಗ್ಬುಡವು. ಮಾರನೇ ವರ್ಸ ಒಂದಾದ್ರೂ ಬಂತಾ? ಮರ ಬೋಳುಬೋಳಾಗಿ ನಿಂತ್ಕತ್ತು."

"ಕಂಡೋರ ನೆರಳು ಕದ್ರೆ ತನ್ನ ನೆರಳು ನಿಲ್ಲಾಕಿಲ್ವಂತೆ. ಆವತ್ತಿಂದ ಸೊರಗಿದ್ದು ನೋಡು, ಅಂಚಿಕಡ್ಡಿ ಆಗೋಗಿದ್ರು. ನಿನ್ನ ನೆರಳೂ ಇಡ್ಕಂಡಿದ್ರೇನ್ಲಾ? ನೀನೂ ಅಂಗೇ ಇದೀಯ."

"ನಂದು ಶಾಪ ಅಲ್ಲ ಕಣವ್ವ, ರಾಗಿ ಇಲ್ದೆ ಸೊರಗಿರಾದು. ಯುದ್ದ ನಿಲ್ಲಿಸೋಕೆ ಯೋಳು, ದಪ್ಪಾಯ್ತೀನಿ."

ನಂಜಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಮರುಗಳಿಗೆ ಒಳಗಿನ ಕುರ್ಚಿಯ ಕಡೆ ನೋಡಿ, ಎದೆ ಮುಟ್ಟಿಕೊಂಡು ಹಿಂದೆ ಸರಿದಳು.

* * *

ಯುದ್ಧಕ್ಕೆ ಮುಂಚಿನ ಬೇಸಗೆ ಅದು. ಮಂಡಿಯಲ್ಲಿ ಆಳನ್ನು ಕೂರಿಸಿ ಧರಣೇಂದ್ರಯ್ಯ ಕೆರೆ ಕೆರೆ ಅಲೆದ. "ಬೇರೆಯವರು ಕೋವಿ ಹಿಡೀತಾರೆ, ನಾನು ಪೆಟ್ಟಿಗೆ ಹಿಡೀತೀನಿ. ಒಂದು ಪುಕ್ಕ ಉದುರಲ್ಲ ನೋಡು," ಎನ್ನುತ್ತಿದ್ದ. ಜಿನಮ್ಮನಂತೂ ಬಸದಿಯಲ್ಲಿ ಸಿಕ್ಕವರಿಗೆಲ್ಲ, "ನನ್ನ ಮಗನದು ಹಿಂಸೆ ಇಲ್ಲದ ಬೇಟೆ," ಎಂದು ಸಾರಿಕೊಂಡು ಬಂದಳು.

ರಾತ್ರಿ ಹಗಲೆನ್ನದೆ ಕತ್ತಲಿರುವ ಉಗ್ರಾಣದಲ್ಲಿ, ಬೆಳಕು ತಾಗದ ಹಾಗೆ ಪ್ಲೇಟನ್ನು ಕಪ್ಪು ಚೌಕಟ್ಟಿಗೆ ತುಂಬುವ ಕೆಲಸ. ಪ್ಲೇಟಿನ ಒಂದು ಮಗ್ಗುಲಿಗೆ ಮಾತ್ರ ಬಿಂಬ ಹಿಡಿಯುವ ಲೇಪವಿರುತ್ತದೆ. ಕತ್ತಲಲ್ಲಿ ಅದು ಯಾವುದೆಂದು ತಿಳಿಯುವುದು ಹೇಗೆ? "ಮೂಲೇನ ತುಟಿಗೆ ಮುಟ್ಟಿಸು ಇವಳೇ. ಅಂಟಿಕೊಂಡರೆ ಅದೇ ಮಗ್ಗುಲು," ಎಂದು ಅವನೇ ಕಲಿಸಿದ. ಇಡೀ ಬೇಸಗೆ ಒಮ್ಮೆ ಅವನ ತುಟಿ, ಒಮ್ಮೆ ಅವಳ ತುಟಿ. ಅವಳಿಗೆ ಅದು ಒಂದು ಬಗೆಯ ಸರಸದಂತಿತ್ತು.

ಒಂದು ಮಧ್ಯಾಹ್ನ ಸೆಕೆ ಎಷ್ಟಿತ್ತೆಂದರೆ, ತಟ್ಟೆಯ ನೀರಿನಲ್ಲಿ ತೊಳೆಯುತ್ತಿದ್ದ ಪ್ಲೇಟಿನಿಂದ ಲೇಪವೇ ಹಾಲಿನ ಕೆನೆಯಂತೆ ಕಳಚಿಕೊಂಡಿತು. ಅದರ ಮೇಲಿದ್ದ ಕೊಕ್ಕರೆ ಕತ್ತು ಮುರಿದುಕೊಂಡು, ಮುದುರಿ, ನೀರಿನಲ್ಲಿ ತೇಲಿತು. ನೋಡಲು ಬಂದಿದ್ದ ಸಂಪತ್ಕುಮಾರ ನಕ್ಕರು.

"ಸೆಕೆಗೆ ಅಂಟು ಕರಗಿದೆ ಕಣಯ್ಯ."

"ಯಾವ ಅಂಟು?"

"ಜೆಲಟಿನ್ನು. ದನದ ಎಲುಬು, ತೊಗಲು ಬೇಯಿಸಿ ಇಳಿಸ್ತಾರೆ. ಯಾಕಯ್ಯ, ಮುಖ ಹಾಗೆ ಮಾಡ್ಕೊಂಡೆ?"

ಧರಣೇಂದ್ರಯ್ಯನ ಕೈ ತುಟಿಗೆ ಹೋಗಿತ್ತು. ಮಣ್ಣಿನೊಳಗೆ ಬೆಳೆದದ್ದೆಂದು ಗೆಣಸು ಕೂಡ ಮುಟ್ಟದ ತುಟಿ ಅದು.

ಆವತ್ತಿನಿಂದ ಪೆಟ್ಟಿಗೆ ಅಟ್ಟ ಸೇರಿತು. ಆ ಮಳೆಗಾಲಕ್ಕೆ ಅವನು ತುಪ್ಪ ಬಿಟ್ಟ. ಮುಂದಿನದಕ್ಕೆ ಹಾಲು. ಆಮೇಲೆ ಉಪ್ಪು, ಆಮೇಲೆ ಬೆಲ್ಲ. ಮಗ ವ್ರತ ಹಿಡಿದನೆಂದು ಜಿನಮ್ಮ ಹಿಗ್ಗಿದಳು. ಕೊಕ್ಕರೆಯ ಶಾಪವೆಂದು ಊರು ಮಾತಾಡಿತು. ಹೆಂಡತಿಯ ಹತ್ತಿರ ಒಂದೇ ಸಲ ಬಾಯಿಬಿಟ್ಟಿದ್ದ: "ಅಮ್ಮನಿಗೆ ತಿಳಿದರೆ ಅನ್ನ ಬಿಟ್ಟು ಗೋಡೆಗೆ ಒರಗಿಬಿಡ್ತಾಳೆ. ಹೇಳಬೇಡ. ಆ ಪೆಟ್ಟಿಗೇನ ಇನ್ನು ತೆಗೀಲೂಬೇಡ. ನನ್ನ ಮುಖ ಯಾವ ಕಾಲಕ್ಕೂ ಎಲುಬಿನ ಮೇಲೆ ಮೂಡೋದು ಬೇಡ."

* * *

"ಪ್ಲೇಟು ತುಂಬಬೇಕಲ್ಲ ತಾಯಿ," ಎಂದು ಸಂಪತ್ಕುಮಾರ ಬಾಗಿಲ ಬಳಿ ಬಂದು ನಿಂತರು. "ಈಗ ನನ್ನ ಕೈ ನಡುಗುತ್ತೆ. ನಿಮಗೆ ರೂಢಿ ಇತ್ತು."

"ಬೇಡ ಮೇಷ್ಟ್ರೇ, ಹಳೇ ಪ್ಲೇಟು... ಬರುತ್ತೋ ಇಲ್ಲವೋ."

"ಹೋಗೇ ರಾಜೀ," ಎಂದಳು ಜಿನಮ್ಮ. "ನಿನ್ನ ಗಂಡನಿಗೆ ಕೊನೇ ಕೆಲಸ. ಅಷ್ಟೂ ಮಾಡಲ್ವಾ? ನನಗೆ ಇನ್ನೇನಿದೆ ಹೇಳು. ಬೆಳಿಗ್ಗೆ ಎದ್ದು ಅವನ ಮುಖ ಕಣ್ಣಿಗೊತ್ತಿಕೊಂಡು ಒಂದು ತುತ್ತು ತಿಂತೀನಿ."

ಹೇಳಿದರೆ ಮುದುಕಿಯ ಅನ್ನ ಹೋಗುತ್ತದೆ. ಪಟ ತೆಗೆದರೆ, ದಿನಾ ಬೆಳಿಗ್ಗೆ ಎಲುಬನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ.

ರಾಜೀಮತಿ ಉಗ್ರಾಣದ ಬಾಗಿಲು ಹಾಕಿ, ಸಂದಿಗೆ ಬಟ್ಟೆ ತುರುಕಿದಳು. ಡಬ್ಬಿ ಬಿಚ್ಚಿದಳು. ಕೈ ತಾನಾಗಿಯೇ ಪ್ಲೇಟನ್ನು ಎತ್ತಿ ತುಟಿಯ ಹತ್ತಿರ ತಂದಿತು. ಕತ್ತಲಲ್ಲಿ ಯಾರೋ ಪಕ್ಕದಲ್ಲೇ ನಿಂತು ಉಸಿರು ಬಿಗಿಹಿಡಿದ ಹಾಗಾಯಿತು. ಹೊರಗೆ ಅನಂತರಾಜಯ್ಯ, "ಹೊತ್ತು! ಹೊತ್ತು!" ಎಂದು ಕೂಗುತ್ತಿದ್ದರು. ಅವಳು ಪ್ಲೇಟನ್ನು ಮೆಲ್ಲನೆ ಡಬ್ಬಿಗೆ ಇಳಿಸಿದಳು. ಕಪ್ಪು ಚೌಕಟ್ಟನ್ನು ಬರಿದಾಗಿಯೇ ಮುಚ್ಚಿದಳು.

ಚೌಕಟ್ಟು ಕೈಗೆ ಬಂದಾಗ ಸಂಪತ್ಕುಮಾರ ತಡೆದು ನಿಂತರು. ಅಂಗೈಯಲ್ಲಿ ಒಮ್ಮೆ ತೂಗಿ ನೋಡಿ, ತಲೆಯೆತ್ತಿದರು. ರಾಜೀಮತಿ ಕಣ್ಣು ತಗ್ಗಿಸಲಿಲ್ಲ. ಅವರು ಅದನ್ನು ಪೆಟ್ಟಿಗೆಗೆ ಸೇರಿಸಿದರು.

"ಯಾರೂ ಅಲ್ಲಾಡಬೇಡಿ."

ಜಿನಮ್ಮ ಮಗನ ಕುರ್ಚಿಯ ಪಕ್ಕ ಕೂತು, ತಣ್ಣಗಿದ್ದ ಬೆರಳುಗಳನ್ನು ತನ್ನ ಬೆರಳೊಳಗೆ ಹೆಣೆದುಕೊಂಡಳು. ಯಾರೋ ಎತ್ತಿದ್ದ ರೆಪ್ಪೆಗಳ ನಡುವೆ ಬಿಳಿಯೊಂದೇ ಕಾಣುತ್ತಿತ್ತು. ಮೇಷ್ಟ್ರು ಪೆಟ್ಟಿಗೆಯ ಕಣ್ಣಿನ ಮುಚ್ಚಳ ತೆಗೆದರು. ಅಂಗಳ, ಜಗಲಿ, ಬೀದಿ, ಎಲ್ಲ ಉಸಿರು ನಿಲ್ಲಿಸಿದವು. ಗಾಜಿನ ಕಣ್ಣು ಒಬ್ಬೊಬ್ಬರನ್ನೂ ಒಳಗೆ ಎಳೆದುಕೊಳ್ಳುತ್ತಿದೆಯೋ ಎಂಬಂತೆ ನಂಜಮ್ಮ ಕಂಬದ ಹಿಂದೆ ಅವಿತಳು. ಮುಚ್ಚಳ ಮತ್ತೆ ಬಿತ್ತು.

"ಬಂದನೇನಪ್ಪಾ?" ಎಂದಳು ಜಿನಮ್ಮ.

"ಬಂದ ತಾಯಿ," ಎಂದರು ಸಂಪತ್ಕುಮಾರ.

ಚಟ್ಟ ಎದ್ದಿತು. ಮಂತ್ರ ಹೇಳುತ್ತಾ ಗಂಡಸರು ಕೆಂಪು ಬಿಸಿಲಿನಲ್ಲಿ ಓಡುನಡಿಗೆ ಹಾಕಿದರು. ಹೆಂಗಸರು ಪಡಸಾಲೆಗೆ ನೀರು ಸುರಿದರು. ರಾಜೀಮತಿ ಖಾಲಿ ಕುರ್ಚಿಯನ್ನು ಹಿತ್ತಲಲ್ಲಿ ಇಟ್ಟು ಬರುವಷ್ಟರಲ್ಲಿ ಒಳಗಿನಿಂದ ಗೋಡೆ ಕುಟ್ಟುವ ಸದ್ದು ಕೇಳಿತು.

ಜಿನಮ್ಮ ಜಪದ ಮಣೆಯ ಎದುರಿನ ಗೋಡೆಗೆ ಕಲ್ಲುಗುಂಡಿನಿಂದ ಮೊಳೆ ಹೊಡೆಯುತ್ತಿದ್ದಳು. ಗಾರೆ ಉದುರಿ ಅವಳ ಬಿಳಿಯ ತಲೆಯ ಮೇಲೆ ಕೂತಿತ್ತು. ಹೊಡೆದು ಮುಗಿಸಿ, ಮಣೆಯ ಮೇಲೆ ಕೂತು, ಮೊಳೆಯನ್ನೇ ನೋಡಿದಳು. ಮತ್ತೆ ಎದ್ದು ಅದನ್ನು ಕಿತ್ತು, ಒಂದು ಗೇಣು ಕೆಳಗೆ ಹೊಡೆದಳು.

"ಕೂತಾಗ ಅವನ ಕಣ್ಣು ನನ್ನ ಕಣ್ಣಿಗೆ ಸಮ ಬರಬೇಕು ಕಣೇ," ಎಂದಳು. ಆಮೇಲೆ ಮಣೆಯ ಮೇಲೆ ಮಂಡಿ ಮಡಿಸಿ ಕೂತು, ಬರೀ ಗೋಡೆಗೆ ಎರಡೂ ಕೈ ಮುಗಿದಳು.